ಚಪ್ಪಲಿ ಕಾಯುವ ಕೆಲಸ

"ಅಕ್ಕಾ, ಚಪ್ಪಲಿ ಕಾಯಿ, ಈಗ ಬಂದೆ."
ಅಷ್ಟೇ ಅಂದದ್ದು.
ಕಾಯ್ದೆ.
ಹರಿದ ನೀಲಿ ಪಟ್ಟಿಗೆ ಅವ್ವನ ಸೀರೆಯ ಪಿನ್ನು ಚುಚ್ಚಿದ ಚಪ್ಪಲಿ,
ಯಾರು ಕದಿಯುತ್ತಿದ್ದರು ಅದನ್ನು?
ಆದರೂ ಕಣ್ಣು ಕದಲಿಸಲಿಲ್ಲ.
ಚಪ್ಪಲಿಯ ಮೇಲೆ ಕಣ್ಣಿಟ್ಟವಳಿಗೆ
ನೀರು ಕಾಣಲಿಲ್ಲ.

ಝುವಾರಿನಗರದ ಹಿಂದೆ, ಗುಡ್ಡ ಇಳಿದರೆ
ಚಿರೇಕಲ್ಲಿನ ಹಳೇ ಖಾಣ.
ಕಡಿದು ಕಡಿದು ಮೆಟ್ಟಿಲಾದ ಕೆಂಪು ಗೋಡೆ,
ತಳದಲ್ಲಿ ಜೂನಿನಿಂದ ಕೂಡಿದ ಮಳೆ,
ಹಸಿರು, ಬಸಿಯಲ್ಲಿ ಆರಲಿಟ್ಟ ಚಹಾದ ಹಾಗೆ ಅಲುಗದೆ.
ಅಲ್ಲಿಯ ಕಲ್ಲು ಕಡಲ ದಂಡೆಯಲ್ಲಿ ಬಂಗಲೆಯಾಗಿ ನಿಂತಿದೆ,
ಅಪ್ಪನೇ ಹೊತ್ತದ್ದು ಎಷ್ಟೋ.
ಉಳಿದ ಗುಂಡಿಯನ್ನು ಮಾತ್ರ
ಯಾರೂ ಹೊತ್ತುಕೊಂಡು ಹೋಗಲಿಲ್ಲ.

ಹೇಗಾಯಿತು ಅಂತ ಪೊಲೀಸರು ಕೊಂಕಣಿಯಲ್ಲಿ ಕೇಳಿದರು.
ಡಾಕ್ಟರು ಹಿಂದಿಯಲ್ಲಿ.
ಟೀಚರು ಮರಾಠಿಯಲ್ಲಿ, ಕೈ ಹಿಡಿದು.
ಗಜೇಂದ್ರಗಡದಿಂದ ಬಂದ ಸೋದರತ್ತೆ ನಮ್ಮ ಮಾತಿನಲ್ಲೇ,
"ನೀ ಎಲ್ಲಿದ್ದಿ ಆವಾಗ?"
ನಾಲ್ಕು ಭಾಷೆ ಬರುತ್ತದೆ ನನಗೆ.
ನಾಲ್ಕರಲ್ಲೂ ಒಂದೇ ಉತ್ತರ: ಚಪ್ಪಲಿಯ ಹತ್ತಿರ.
ಹೇಳಲಿಲ್ಲ.
ಬಾಗಿಲಲ್ಲಿ ಒಬ್ಬರು ಅಡ್ಡ ಕೂತರೆ
ಹಿಂದಿನವರೆಲ್ಲ ಒಳಗೇ ಉಳಿಯುತ್ತಾರಲ್ಲ,
ಮಾತೂ ಹಾಗೇ ಆಯಿತು.

ಹತ್ತನೇ ಕ್ಲಾಸು, ಕೊನೆಯ ಬೆಂಚು.
ಮೊದಮೊದಲು ಎಲ್ಲರೂ ಬಂದು ಪಕ್ಕ ಕೂತರು.
ಆಮೇಲೆ ಒಬ್ಬೊಬ್ಬರೇ ಎದ್ದರು.
ಈಗ ಅಲ್ಲಿ ಅವರ ಬ್ಯಾಗುಗಳು ಕೂರುತ್ತವೆ.

ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚುವುದಿಲ್ಲ,
ಸೋಪು ಉರಿದರೂ.

ಅವ್ವ ಏನೂ ಕೇಳಲಿಲ್ಲ, ಒಂದು ದಿನವೂ.
ನನ್ನ ತಟ್ಟೆಗೆ ಎರಡು ರೊಟ್ಟಿ ಹೆಚ್ಚು ಹಾಕುತ್ತಾಳೆ.
ಬಡಿಯುವ ಕೈಗೆ ಹಳೇ ಲೆಕ್ಕ ಮರೆತಿಲ್ಲ.
ತಿನ್ನುತ್ತೇನೆ, ಅವನ ಪಾಲೂ,
ಹಸಿವಿಲ್ಲದೆ.

ರಾತ್ರಿ ಟ್ರಂಕಿನ ಹಿಂದಿನಿಂದ ತೆಗೆದು ನೋಡುತ್ತೇನೆ.
ಹಿಮ್ಮಡಿಯಲ್ಲಿ ಸವೆತ, ಅಂಚಿನಲ್ಲಿ ಕೆಂಪು ಮಣ್ಣು.
ಒಮ್ಮೆ ಹಾಕಿಕೊಂಡೆ, ಬೆರಳುಗಳು ಆಚೆ ಚಾಚಿದವು.
ಇಷ್ಟೇನಾ ಅವನ ಕಾಲು?
ನನ್ನ ಜೊತೆ ಜಗಳಕ್ಕೆ ನಿಂತಾಗ ಭೂಮಿ ನಡುಗುತ್ತಿತ್ತಲ್ಲ.

ಹಿಂದಿಯಲ್ಲಿ ಕಾವಲಿಗೆ ಒಂದು ಪದ,
ದಾರಿ ನೋಡುವುದಕ್ಕೆ ಇನ್ನೊಂದು.
ನಮ್ಮಲ್ಲಿ ಎರಡಕ್ಕೂ ಕಾಯುವುದೇ.
ಕಾಯಿ ಅಂದನಲ್ಲ ಮುತ್ತು,
ಯಾವುದನ್ನು ಹೇಳಿದ?

ಎರಡು ದಿನಕ್ಕೊಮ್ಮೆ ಟ್ಯಾಂಕರು.
ಬೆಳಗಿನ ಐದಕ್ಕೇ ರಸ್ತೆಯುದ್ದ ಸಾಲು:
ಕೊಡ, ಪೇಂಟಿನ ಡಬ್ಬಿ, ಇಟ್ಟಿಗೆ, ಚಪ್ಪಲಿ.
ಮನುಷ್ಯ ಇಲ್ಲದಿದ್ದರೂ ಅವನ ಜಾಗ ಇರುತ್ತದೆ.
ಸರಿಸಿದರೆ ಜುಟ್ಟು ಹಿಡಿಯುವ ಜಗಳ.
ಇವತ್ತು ನನ್ನ ಮುಂದೆ ಹಸಿರು ಚಪ್ಪಲಿ, ಸಣ್ಣವು.
ಹೊಟ್ಟೆ ತೊಳಸಿತು.
ಮೊನ್ನೆ ಸವಣೂರಿನಿಂದ ಬಂದ ನಸೀಮಾ,
ಹನ್ನೆರಡು ದಾಟಿಲ್ಲ, ನನ್ನ ಕತೆ ಗೊತ್ತಿಲ್ಲ,
ಬರಿಗಾಲಲ್ಲಿ ನಿಂತು ಅಂದಳು:
"ಅಕ್ಕಾ, ಚಪ್ಪಲಿ ಕಾಯ್ತೀಯೇನ? ಈಗ ಬಂದೆ."

ಏಳು ತಿಂಗಳ ಮೇಲೆ ಬಾಯಿ ತೆರೆಯಿತು.
"ಬ್ಯಾಡ" ಅಂದೆ, ಕೂಗಿದೆ,
ಮುಂದಿದ್ದವರು ತಿರುಗಿದರು.
"ಎಲ್ಲಿ ಹೊಂಟಿ? ನಾನೂ ಬರ್ತೀನಿ."
ಹುಡುಗಿ ಹೆದರಿ, "ಬನ್ನು ತರಾಕ" ಅಂದಳು.

ಕೊಡ ಬಿಟ್ಟು ಹೋದೆ.
ಚೌಕದ ಬೇಕರಿ, ಬಿಸಿ ಪಾವಿನ ವಾಸನೆ,
ಅವಳ ಅಂಗಾಲಿಗೆ ಅಂಟಿದ ಜಲ್ಲಿ,
ನಾಯಿಗೆ ಹೆದರಿ ನನ್ನ ಮೊಣಕೈ ಹಿಡಿದದ್ದು,
ಮರಳಿ ಬಂದದ್ದು.
ಇಬ್ಬರೂ. ಮರಳಿ.

ನಮ್ಮ ಜಾಗ ಹೋಗಿತ್ತು.
ಯಾರೋ ಅವಳ ಚಪ್ಪಲಿ ಒದ್ದು
ಟ್ಯಾಂಕರಿನ ಸೋರುವ ನಲ್ಲಿಯ ಕೆಳಗೆ ಬಿದ್ದಿದ್ದವು.
ನಸೀಮಾ ನೀರು ಕೊಡವಿ ಹಾಕಿಕೊಂಡಳು.
ಪಚಕ್ ಪಚಕ್ ಅನ್ನುತ್ತ ಮೆಟ್ಟಿಲು ಹತ್ತಿದಳು,
ಮೂರನೇ ಮಾಳಿಗೆಯ ತನಕ ಕೇಳಿದೆ.

ಸಿಕ್ಕದ್ದು ಅರ್ಧ ಕೊಡ. ಅಪ್ಪ ಬೈದ.

ರಾತ್ರಿ ಅವ್ವ ಮೂರನೇ ರೊಟ್ಟಿ ಎತ್ತಿದಳು.
"ಸಾಕವ್ವ" ಅಂದೆ.
ಅವಳ ಕೈ
ಕಾದ ಹಂಚಿನ ಮೇಲೆ
ಹಾಗೇ ನಿಂತಿತು.