ಅರವತ್ತು ಜಿಬಿಯೊಳಗೆ ತೊರುನ್ ಚಿಕ್ಕಮ್ಮ

ಟೀವಿಯ ಕೆಳಗಿನ ಕಪ್ಪು ಪೆಟ್ಟಿಗೆ
ಬಿಸಿಯೇರಿದಾಗ ಫ್ಯಾನು ಗುಂಯ್‌ಗುಡುತ್ತದೆ.
ಈ ಮನೆಯಲ್ಲಿ ಆ ಸದ್ದು ಗೊತ್ತಿರುವವಳು ನಾನೊಬ್ಬಳೇ.
ಅಮ್ಮನಿಗೆ ಕೇಳದು, ಅಪ್ಪನಿಗೆ ಕೇಳದು,
ತಮ್ಮ ಯೂಸ್ತೈನನಿಗೆ ಹುಟ್ಟಾ ಕೇಳದು.
ನಡುರಾತ್ರಿ ಎದ್ದು ನಾನೇ ಆರಿಸಿ ಬರುತ್ತೇನೆ,
ಒಲೆಯ ಮೇಲೆ ಹಾಲಿಟ್ಟು ಮರೆತವಳ ಹಾಗೆ.

ಅವನು ಅದನ್ನು ತಂದದ್ದು ಕಾರು ಓಡಿಸಲಿಕ್ಕೆ.
ಟ್ರೋನ್‌ಹೈಮಿನ ನವೆಂಬರು, ಮೂರೂವರೆಗೇ ಕತ್ತಲು,
ಹೊರಗೆ ಹೆಜ್ಜೆ ಜಾರುವ ಹಿಮದ ಬೀದಿ,
ಒಳಗೆ ಅವನದು ಮರುಭೂಮಿ, ಗಂಟೆಗೆ ಇನ್ನೂರು ಮೈಲಿ.
ಬಂಡೆಗೆ ಗುದ್ದಿದರೆ ಕಂಟ್ರೋಲರು ಅಂಗೈಯಲ್ಲಿ ನಡುಗುತ್ತದೆ;
ಇದೊಂದು ಯಂತ್ರಕ್ಕೆ ನಮ್ಮ ಜೊತೆ ಮಾತಾಡೋಕೆ ಬರತ್ತೆ
ಅಂತ ಅವನ ಬೆರಳುಗಳ ತಮಾಷೆ.

ಅಪ್ಪನ ಕ್ಯಾಸೆಟ್ಟುಗಳು ನಲವತ್ತಮೂರು, ಬೂಟಿನ ಡಬ್ಬಿಗಳಲ್ಲಿ.
ಬೆನ್ನ ಮೇಲೆ ಅವನದೇ ಅಕ್ಷರ:
ತೊಂಬತ್ತೊಂದರ ಈಸ್ಟರ್. ಕ್ಲಬ್ಬು. ಗೊತ್ತಿಲ್ಲ.
ಒಂದೊಂದನ್ನೂ ಪೂರ್ತಿ ಓಡಿಸಿಯೇ ಒಳಗಿಳಿಸಬೇಕು,
ಗಂಟೆಯ ಟೇಪಿಗೆ ಗಂಟೆ; ಅವಸರಕ್ಕೆ ಜಾಗವಿಲ್ಲ.
ಡಿಸ್ಕಿನಲ್ಲೂ ಜಾಗವಿರಲಿಲ್ಲ. ಇದ್ದದ್ದು ಅರವತ್ತು ಜಿಬಿ,
ಅದರಲ್ಲಿ ಅರ್ಧ ಅವನ ಆಟಗಳೇ.
ಹಿಂಡಿದ. ಒದ್ದೆ ಉಣ್ಣೆಯ ಹಾಗೆ ಹಿಂಡಿದ.
ನಲವತ್ತಮೂರನ್ನೂ ಹಿಡಿಸಿ ತೋಳು ಮೇಲೆತ್ತಿ ಕುಣಿದ.

ಭಾನುವಾರ. ಕಂದು ಚೀಸು, ಕಾಫಿ.
ಟೀವಿಯಲ್ಲಿ ತೊರುನ್ ಚಿಕ್ಕಮ್ಮ,
ತೀರಿಕೊಂಡು ನಾಲ್ಕು ವರ್ಷವಾದವಳು.
ಗೋಡೆಯ ಹೂವು ಎಣಿಸಬಹುದು. ಮೇಜು ಮೇಜಿನ ಹಾಗಿದೆ.
ಕದಲದ್ದೆಲ್ಲ ಚೆನ್ನಾಗಿ ಉಳಿದಿದೆ.
ಕದಲುತ್ತಿದ್ದದ್ದು ಅವಳ ಕೈ.
ಅಲ್ಲಿ ಚೌಕ, ಚೌಕ, ಬೂದು ಚೌಕ,
ಹತ್ತು ಬೆರಳು ಕಲಸಿ ಒಂದು ಮುದ್ದೆ.
ಯಂತ್ರ ಅಂದುಕೊಂಡಿತ್ತು:
ಮನುಷ್ಯರು ಮಾತಾಡುವುದು ಬಾಯಲ್ಲಿ,
ಕೈ ಸುಮ್ಮನೆ ಆಡುತ್ತಿರುತ್ತದೆ, ಬಿಟ್ಟರೂ ನಡೆಯುತ್ತದೆ.
ಸದ್ದನ್ನು ಮಾತ್ರ ಚಾಚೂ ತಪ್ಪದೆ ಕಾಪಿಟ್ಟಿತ್ತು,
ಫ್ರಿಜ್ಜಿನ ಗೊಣಗು, ಗಡಿಯಾರ,
ಅವಳ ಉಣ್ಣೆಯ ತೋಳಿನ ಸರಭರ,
ನನಗೊಬ್ಬಳಿಗೆ.

ಅಮ್ಮ ನನ್ನ ಭುಜ ತಟ್ಟಿದಳು: ಏನನ್ನುತ್ತಿದ್ದಾಳೆ?
ಬ್ಯಾಂಕಿನಲ್ಲಿ, ಡಾಕ್ಟರ ಎದುರು, ಹೆಡ್‌ಮಾಸ್ತರ ಮುಂದೆ
ಆರನೇ ವಯಸ್ಸಿನಿಂದ ಈ ಮನೆಯ ಬಾಯಿ ನಾನು.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.
ಅವಳೇ ಎದ್ದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ
ಹುಬ್ಬು ನೋಡಿದಳು, ಭುಜ ನೋಡಿದಳು.
ಮೀನು? ಅಲ್ಲ. ಮದುವೆ? ಯಾರದು?
ಹಿಂದಕ್ಕೆ. ಮತ್ತೆ. ಹಿಂದಕ್ಕೆ.

ಯೂಸ್ತೈನ್ ಏನೂ ಹೇಳಲಿಲ್ಲ. ಆ ರಾತ್ರಿ
ಮರುಭೂಮಿ ಅಳಿಸಿದ. ಫುಟ್‌ಬಾಲ್ ಲೀಗು ಅಳಿಸಿದ,
ಇನ್ನೂರ ಹನ್ನೆರಡು ಗಂಟೆ ಕೂತು ಗೆದ್ದದ್ದು.
ಖಂಡಿತವೇ? ಅಂತ ಪೆಟ್ಟಿಗೆ ಎರಡೆರಡು ಸಲ ಕೇಳಿತು.
ಆದರೂ ಸಾಲದು. ಟೇಪುಗಳನ್ನು ಮೊದಲಿನಿಂದ, ಹಿಂಡದೆ,
ಅಟ್ಟದ ಹಳೇ ಕಂಪ್ಯೂಟರಿಗೆ ಸುರಿದು
ಅಲ್ಲಿಂದ ಗಾಳಿಯಲ್ಲಿ ಕೆಳಗೆ ಹರಿಸಿದ.
ಗಾಳಿ ಕೈಕೊಟ್ಟಿತು.
ಚಿಕ್ಕಮ್ಮನ ಒಂದು ಕೈ ಎದೆಯ ಮುಂದೆ,
ಇನ್ನೊಂದು ಅದನ್ನು ಮುಟ್ಟಲು ಹೊರಟು, ನಿಂತೇಬಿಟ್ಟಿತು.
ನಡುವೆ ಸುತ್ತುವ ಪುಟ್ಟ ಚಕ್ರ.

ವೈರು ಎಳೆದೆವು. ಇಪ್ಪತ್ತೈದು ಮೀಟರು, ಹಳದಿ,
ಮೆಟ್ಟಿಲಿಳಿದು, ಅಡುಗೆಮನೆಯ ಹೊಸ್ತಿಲು ದಾಟಿ;
ಇವತ್ತಿಗೂ ಅಪ್ಪ ಅದನ್ನು ಎಡವುತ್ತಾನೆ.

ಕೈ ಬಂತು.
ಹೆಬ್ಬೆರಳಿನ ಬ್ಯಾಂಡೇಜು ಸಮೇತ, ಉಗುರಿನ ಬಣ್ಣ ಸಮೇತ.
ಮೀನಲ್ಲ, ಮದುವೆಯಲ್ಲ:
ಸಾಕು, ಕೆಳಗಿಡು ಅದನ್ನ,
ನಿನ್ನ ಹಿಂದೆ ಕಾಫಿ ಉಕ್ತಾ ಇದೆ.
ಕ್ಯಾಮೆರಾ ಹಿಡಿದಿದ್ದ ಅಪ್ಪ,
ಎರಡೂ ಕೈ ತುಂಬಿ ಮಾತು ಕಟ್ಟಿದವನು,
ಇಡೀ ಚಿತ್ರವನ್ನೇ ಮೇಲೆ ಕೆಳಗೆ ಆಡಿಸಿ ಹೂಂ ಅಂದಿದ್ದ.

ಅಮ್ಮ ನಕ್ಕಳು, ತಾನೇ ಕೇಳಿರದ ತನ್ನ ದನಿಯಲ್ಲಿ,
ಫ್ಯಾನಿನ ಸದ್ದು ಅಡಗುವಷ್ಟು.
ಇನ್ನೊಮ್ಮೆ, ಅಂದಿತು ಅವಳ ತೋರುಬೆರಳು.