ಜುಟ್ಟಿನ ಲೆಕ್ಕ

ತೆಮುಕೊ ಊರಾಚೆ, ಸೆಪ್ಟೆಂಬರ್ ಬಂದರೂ ಚಳಿ ಬಿಟ್ಟಿಲ್ಲ.
ಒಲೆಯ ಪಕ್ಕ ಸೇಬಿನ ಪೆಟ್ಟಿಗೆಯಲ್ಲಿ ಹನ್ನೊಂದು ಮರಿ.
ಕಾವಿಗಿಟ್ಟ ನೀಲಿ ಮೊಟ್ಟೆ ಹದಿನಾರು.

ಎಲ್ವಿರಾ ಕಾಯುಕೆಯೊ ಒಂದೊಂದನ್ನೇ ಎತ್ತಿ
ಕೊಕ್ಕು ಅದ್ದುತ್ತಾಳೆ: ಇದು ನೀರು, ಕುಡಿ.
ಬಾಲವಿರಬೇಕಾದಲ್ಲಿ ಅಂಟಿ ಒಣಗಿದ ಹಿಕ್ಕೆಯನ್ನು
ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ, ನೆನೆಸಿ,
ಬಿಡಿಸುತ್ತಾಳೆ. ಎಳೆಯುವುದಿಲ್ಲ,
ಎಳೆದರೆ ಚರ್ಮವೇ ಕಿತ್ತು ಬಂದೀತು.

ಗುಪ್ಪೆಯಾದರೆ ಚಳಿ, ಮೂಲೆಗೆ ಸರಿದರೆ ಸೆಕೆ,
ಅರಳು ಚೆಲ್ಲಿದ ಹಾಗೆ ಹರಡಿದರೆ ಸರಿ.
ಅಳಿಯ ತಂದ ಥರ್ಮಾಮೀಟರು
ಡಬ್ಬಿ ಬಿಟ್ಟು ಇನ್ನೂ ಹೊರಬಂದಿಲ್ಲ.

ಕಿವಿಯ ಬಳಿ ಜುಟ್ಟು, ಹಿಂದೆ ಬೋಳು,
ಅಜ್ಜಿಯ ಕಾಲದ ತಳಿ. ಸಂತೆಯವರು ಕೇಳುವುದು ಜುಟ್ಟನ್ನೇ.
ಜುಟ್ಟಿಗೆ ಜುಟ್ಟು ಕೂಡಿಸಿದರೆ
ನಾಲ್ಕರಲ್ಲೊಂದು ಚಿಪ್ಪಿನೊಳಗೇ ಕಣ್ಣು ಮುಚ್ಚುತ್ತದೆ,
ಹೊರಬರಲು ಎರಡೋ ಮೂರೋ ದಿನ ಇರುವಾಗ.
ಎಷ್ಟೋ ವರ್ಷ ಅದನ್ನು
ತನ್ನ ಕಾವಿನ ತಪ್ಪು ಅಂದುಕೊಂಡಿದ್ದಳು.

ಈ ಸಲ ಹುಂಜ ಜುಟ್ಟಿಲ್ಲದ್ದು.
ಆದರೂ ಐದು ಒಡೆಯಲಿಲ್ಲ.
ಯಾಕೆ, ಎಂದಳು ಮೊಮ್ಮಗಳು ಯಾನ್‌ಕುರಾಯ್.
ಗೊತ್ತಿಲ್ಲ ಕಣೇ, ಸಲಿಕೆ ತಾ.

ಪೆಟ್ಟಿಗೆಯಲ್ಲಿ ಒಂದಕ್ಕೆ
ಎಡಗಡೆ ಮಾತ್ರ ಜುಟ್ಟು, ಬೆರಳಿಗೆ ತಾಗುವಷ್ಟು.
ಯಾರೋ ಆಗಲೇ ಬೆಲೆ ಕೇಳಿದರು.
ಎಲ್ವಿರಾ ಅದರ ಕೊಕ್ಕನ್ನು
ಇನ್ನೊಮ್ಮೆ ನೀರಿಗೆ ಅದ್ದಿದಳು.