ಪೋರ್ಚುಗಲ್ ಎಂದು ಬರೆದ ಪೀಪಾಯಿ

ಹಗಲು ಸಭೆಯಲ್ಲಿ ಎದ್ದು ನಿಂತು
ಮೇಜು ಗುದ್ದಿ ಹೇಳಿದರಂತೆ ಬಾಲ್‌ಕೈಲಿ ಪ್ರಭು:
'ಫ್ರಾನ್ಸಿನ ದ್ರಾಕ್ಷಿ ಹಿಂಡಿದ ಒಂದು ತೊಟ್ಟೂ
ಈ ದಂಡೆ ಮುಟ್ಟಕೂಡದು.'
ಚಪ್ಪಾಳೆ. ಮೊಹರು. ಕಾಯಿದೆ.

ಅದೇ ರಾತ್ರಿ, ಲೀತ್ ಬಂದರಿನ ಕಾವಳ ಬೀದಿಗೇರಿ
ಕಂದೀಲು ಮಂಕಾದ ಹೊತ್ತು,
ನನ್ನ ಅಂಗಡಿಯ ಕದ ಮೆಲ್ಲಗೆ ತಟ್ಟಿದವರೂ ಅವರೇ.
'ಇಬೆನ್, ಸುಣ್ಣ ಇದೆಯೇನೋ?'
ಇತ್ತು. ಕುಂಚವೂ ಇತ್ತು.
ಬೋರ್ಡೋ ಎಂದು ಸುಟ್ಟು ಒತ್ತಿದ ಅಕ್ಷರದ ಮೇಲೆ
ಎರಡು ಸಲ ಬಳಿದು, ಆರಿದ ಮೇಲೆ
ಮಸಿಯಲ್ಲಿ ಪೋರ್ಚುಗಲ್ ಎಂದು ಬರೆದೆ.
ಓದು ಬರಹ ಅಷ್ಟಕ್ಕಷ್ಟೇ ನನಗೆ, ಒಂದಕ್ಷರ ತಪ್ಪಿತು.
ಸುಂಕದವನಿಗೂ ಅಷ್ಟೇ ಬರುತ್ತಿತ್ತು.

'ಹೇಳುವುದು ಶಾಸನ, ಕುಡಿಯುವುದು ಬೋರ್ಡೋ'
ಎಂದು ಅಡುಗೆಯ ಗ್ರಿಜೆಲ್ ನಗುತ್ತಿದ್ದಳು,
ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು.

ನಾನು ನಗಲಿಲ್ಲ. ಕಂಡಿದ್ದೆನಲ್ಲ,
ನೆಲಮಾಳಿಗೆಯಲ್ಲಿ, ಊದಿದ ಕಾಲನ್ನು ಮಣೆಯ ಮೇಲಿಟ್ಟು
ಬಿರಡೆ ಕಿತ್ತ ತೂತಿಗೆ ಮೂಗು ಹಿಡಿದು
ಅವರು ಕಣ್ಣು ಮುಚ್ಚುವುದನ್ನು.
ಆಗ ಪ್ರಭುವಲ್ಲ, ಮಂತ್ರಿಯಲ್ಲ,
ಇಪ್ಪತ್ತರ ಹುಡುಗ; ಗರೋನ್ ನದಿಯ ಬದಿ
ಯಾರದೋ ತೋಟದಲ್ಲಿ ಅಂಗಿತೋಳು ಮಡಚಿ
ಬಾರದ ಭಾಷೆಯಲ್ಲಿ ನಗುತ್ತಿರುವವನು.
'ಮಳೆ ಬಿದ್ದ ಜಲ್ಲಿಕಲ್ಲು, ಇಬೆನ್' ಎನ್ನುತ್ತಿದ್ದರು,
'ಆಮೇಲೆ ಹಳೆಯ ಜೀನು, ಆಮೇಲೆ... ತಾಳು,
ಹೋಯಿತು.'
ನನಗೆ ಓಕ್ ಮರದ ವಾಸನೆಯೊಂದೇ.

ಒಂದು ಪೀಪಾಯಿ ಮಾತ್ರ ಮೂಲೆಗಿಟ್ಟರು.
'ಇದು ಜಗಳ ಮುಗಿದ ದಿನಕ್ಕೆ.
ಅಂದು ಸುಣ್ಣ ತೊಳೆದು, ಅಸಲು ಹೆಸರಲ್ಲೇ
ಬೀದಿಗೆ ತಂದು ತೆರೆಯೋಣ, ಹೂಜಿ ಹಿಡಿದು ಬಂದವರಿಗೆಲ್ಲ.'
ಪ್ರತಿ ಯುದ್ಧಕ್ಕೂ ಮತ ಹಾಕಿದವರು ಅವರೇ.
ಕೈ ಎತ್ತುವಾಗ ಆ ಮೂಲೆ ನೆನಪಾಗುತ್ತಿತ್ತೋ ಏನೋ,
ಕೇಳುವಷ್ಟು ದೊಡ್ಡವನಲ್ಲ ನಾನು.

ಹನ್ನೊಂದು ವರ್ಷ ಅದರ ಕಬ್ಬಿಣದ ಪಟ್ಟಿ ಬಿಗಿದೆ.
ಸಂಧಿಯ ಸುದ್ದಿಗೆ ಗಂಟೆ ಬಾರಿಸಿದಾಗ
ಪ್ರಭು ಮಣ್ಣಾಗಿ ಎರಡು ಚಳಿಗಾಲ.
ನಾನೂ ಗ್ರಿಜೆಲ್ಲೂ ಇಳಿದು ಬಿರಡೆ ತೆಗೆದೆವು.
ಹುಳಿ. ನೆತ್ತಿಗೇರುವ ಹುಳಿ.

ಪೀಪಾಯಿ ಸೋರಿರಲಿಲ್ಲ, ಅದು ನನ್ನ ಹೊಣೆ.
ಕಾದದ್ದು ಹೆಚ್ಚಾಯಿತು, ಅದು ನನ್ನದಲ್ಲ.
ಗ್ರಿಜೆಲ್ ಅದರಲ್ಲಿ ಹೆರಿಂಗ್ ಮೀನು ನೆನೆಹಾಕಿದಳು,
ಬೀದಿಯವರು ಹೂಜಿ ಬಿಟ್ಟು ತಟ್ಟೆ ತಂದರು.
ಚೆನ್ನಾಗಿತ್ತು, ಸುಳ್ಳೇಕೆ.
ಮೂರನೆಯ ತುಂಡಿಗೆ ನನಗೂ, ಒಂದೇ ಕ್ಷಣ,
ಮಳೆ ಬಿದ್ದ ಜಲ್ಲಿಕಲ್ಲು...
ತಾಳು,
ಹೋಯಿತು.